ಹತ್ತಿರದ ಶತ್ರು, ದೂರದ ಕಾರಣ

ವಿಶಾಖಪಟ್ಟಣದ ದ್ವಾರಕಾ ನಗರದ ಬಸ್ ನಿಲ್ದಾಣದಲ್ಲಿ ಆಟೊ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ರಾಮಕೃಷ್ಣ ಬೀಚ್ ಸಿಗುತ್ತದೆ. ಅಲ್ಲಿ 1971ರ ಯುದ್ಧದ ನೌಕಾ ವಿಜಯ ಸ್ಮಾರಕವಿದೆ. ಆ ಡಿಸೆಂಬರ್ ಮೊದಲ ವಾರ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಈ ಬಂದರಿನ ಹೊರಗೇ ಮುಳುಗಿತು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅವರು ಸಾಯುವಾಗ ಅವರ ಮುಖ ಈ ಕಡೆಯವರಾರಿಗೂ ಕಾಣಲಿಲ್ಲ. ಕಡಲಿನ ಕಾಳಗಕ್ಕೆ ಅಂಥದೊಂದು ಮರೆ ಇದೆ. ಕಾಲಾಳಿಗೆ ಆ ಮರೆ ಇಲ್ಲ. ಕೈಗೆ ಕೈ ತಗಲುವಷ್ಟು ಹತ್ತಿರ ಬಂದ ಮೇಲೆ ಶತ್ರುವಿಗೆ ಕಣ್ಣು, ಉಸಿರು, ವಯಸ್ಸು ಎಲ್ಲವೂ ಇರುತ್ತವೆ.

ತನ್ನ ನೆಲವನ್ನು ಕಾಯುತ್ತಿರುವವನಿಗೆ ಆ ಗಳಿಗೆಯಲ್ಲಿ ಒಂದು ಆಸರೆಯಾದರೂ ಉಂಟು: ಬೆನ್ನ ಹಿಂದೆ ಊರಿದೆ. ಪರದೇಶದ ಯುದ್ಧದಲ್ಲಿ ಬೆನ್ನ ಹಿಂದೆ ಏನಿರುತ್ತದೆ?

ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ ಒಂದಿಷ್ಟು ಕಾಲ ಓದಿದ್ದ ಪಂಜಾಬಿನ ಹುಡುಗ ಗುರುಬಚನ್ ಸಿಂಗ್ ಸಲಾರಿಯಾ ಮುಂದೆ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಆದರು. ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಕಾಂಗೋಗೆ ಹೋದರು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನ ಹಳೆಯ ವಿಮಾನ ನಿಲ್ದಾಣದ ಬಳಿ ಕಾಂಗೋದಿಂದ ಬೇರೆಯಾಗಲು ಹೊರಟಿದ್ದ ಕಟಾಂಗಾ ಪ್ರಾಂತ್ಯದ ಸುಮಾರು 90 ಸಶಸ್ತ್ರ ಜನರ ಮೇಲೆ ಅವರು 16 ಗೂರ್ಖಾಗಳೊಡನೆ ನುಗ್ಗಿದರು. ಬಯೊನೆಟ್, ಕುಕ್ರಿ, ಕೈಬಾಂಬುಗಳ ಕಾಳಗ ಅದು. ಎದುರಾಳಿಗಳಲ್ಲಿ ಸುಮಾರು 40 ಮಂದಿ ಬಿದ್ದರು. ಕುತ್ತಿಗೆಗೆ ಗುಂಡು ತಗಲಿದರೂ ಕಾದಾಡಿದ ಸಲಾರಿಯಾ, ರಕ್ತ ಹರಿದುಹೋಗಿ ಸತ್ತರು. ವಯಸ್ಸು 26. ಕಟಾಂಗಾ ಕಾಂಗೋದಲ್ಲಿ ಉಳಿಯಬೇಕೋ ಬಿಡಬೇಕೋ ಎಂಬ ಪ್ರಶ್ನೆ ಅವರ ಊರಿನ ಯಾವ ಹೊಲದ ಬದುವಿಗೂ ಸಂಬಂಧಿಸಿದ್ದಲ್ಲ.

ಭಾರತವೇ ಶಾಂತಿಪಡೆ ಕಳಿಸಿದ್ದ ಶ್ರೀಲಂಕಾದ್ದು ಇನ್ನೂ ತೊಡಕಿನ ಕಥೆ. 1987ರ ನವೆಂಬರ್ 25ರ ರಾತ್ರಿ, ಶೋಧ ಮುಗಿಸಿ ಮರಳುತ್ತಿದ್ದ ಮಹಾರ್ ರೆಜಿಮೆಂಟಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ತುಕಡಿಯ ಮೇಲೆ ಹೊಂಚುದಾಳಿ ನಡೆಯಿತು. ಅವರು ಸುತ್ತು ಹಾಕಿ ದಾಳಿಕೋರರ ಬೆನ್ನಿಗೆ ಬಂದರು. ಕೈಕೈ ಮಿಲಾಯಿಸಿದ ಕಾಳಗದಲ್ಲಿ ಒಬ್ಬ ಅವರ ಎದೆಗೇ ಗುಂಡಿಟ್ಟ. ಅವರು ಅವನ ರೈಫಲನ್ನೇ ಕಿತ್ತು ಅವನನ್ನು ಕೊಂದು, ಅಪ್ಪಣೆ ಕೊಡುತ್ತಲೇ ಪ್ರಾಣ ಬಿಟ್ಟರು. ಅವರ ಮನೆಮಾತು ತಮಿಳು; ಎದುರು ನಿಂತ ಬಂಡುಕೋರರದೂ ತಮಿಳೇ. ಆ ಬಂಡುಕೋರ ಗುಂಪುಗಳಿಗೆ ಕೆಲವೇ ವರ್ಷಗಳ ಹಿಂದೆ ತರಬೇತಿ ಸಿಕ್ಕಿದ್ದು ಭಾರತದಲ್ಲೇ. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡ ಪಡೆ 1990ರ ಮಾರ್ಚ್‌ನಲ್ಲಿ ಮದ್ರಾಸಿಗೆ ಬಂದಿಳಿದಾಗ ಸ್ವಾಗತಕ್ಕೆ ತಮಿಳುನಾಡಿನ ಮುಖ್ಯಮಂತ್ರಿ ಬರಲಿಲ್ಲ. ಸಲಾರಿಯಾ, ಪರಮೇಶ್ವರನ್ ಇಬ್ಬರಿಗೂ ಪರಮವೀರ ಚಕ್ರ ಬಂತು, ಮರಣಾನಂತರ.

ಯಾತಕ್ಕಾಗಿ ಕಾದಿದಿರಿ ಎಂದರೆ ಸೈನ್ಯದವರು ಹೇಳುವುದು ನಾಮ್, ನಮಕ್, ನಿಶಾನ್: ಪಲ್ಟನ್ನಿನ ಹೆಸರು, ಉಂಡ ಉಪ್ಪು, ಹಿಡಿದ ಬಾವುಟ. ಅದರ ಜೊತೆಗೆ ಪಕ್ಕದಲ್ಲಿರುವ ಒಡನಾಡಿ. ಇದು ನಮಗೆ ಹೊಸದೇನಲ್ಲ. ಪಂಪನ ಕರ್ಣ ಎದುರಿರುವವರು ಒಡಹುಟ್ಟಿದವರೆಂದು ತಿಳಿದ ಮೇಲೂ ದುರ್ಯೋಧನನ ಅನ್ನದ ಋಣ ಬಿಡಲಿಲ್ಲ. ಕನ್ನಡದ ಮನಸ್ಸು ಅವನಿಗಾಗಿ ಇಂದಿಗೂ ಕರಗುತ್ತದೆ. ಆದರೆ ಹಾಗೆ ಕರಗುವಾಗ ನಾವು ದುರ್ಯೋಧನನ ಯುದ್ಧವನ್ನು ಒಪ್ಪಿಬಿಡುವುದಿಲ್ಲ. ಈ ವಿವೇಕ ಕಾವ್ಯ ಓದುವಾಗ ಇರುತ್ತದೆ, ಪತ್ರಿಕೆ ಓದುವಾಗ ಜಾರಿಹೋಗುತ್ತದೆ. ಯೋಧನ ಸಾಹಸ ದೊಡ್ಡದಾದಷ್ಟೂ ಅವನನ್ನು ಕಳಿಸಿದ ತೀರ್ಮಾನವೂ ದೊಡ್ಡದೆಂದು ನಂಬಿಬಿಡುತ್ತೇವೆ.

ಬೆಂಗಳೂರಿನ ಕಸ್ತೂರ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲಿದೆ. ಸುಮಾರು 1,100 ವರ್ಷ ಹಳೆಯದು. ಆನೆ, ಕುದುರೆ, ಕತ್ತಿಗಳ ನಡುವೆ ಎರಡೂ ಕಡೆಯವರನ್ನು ಶಿಲ್ಪಿ ಒತ್ತೊತ್ತಾಗಿ ಕಡೆದಿದ್ದಾನೆ. ಅಕ್ಷರಗಳು ಲೆಕ್ಕದ ಪುಸ್ತಕದಷ್ಟು ಖಚಿತ: ನಾಗತ್ತರ, ಅರಸ ಎರೆಯಪ್ಪನ ಕಡೆಯವನಾಗಿ, ತುಂಬೆಪಾಡಿಯಲ್ಲಿ, ವೀರಮಹೇಂದ್ರನ ಪಡೆಯ ಎದುರು ಕಾದಿ ಸತ್ತ. ಅದನ್ನು ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಬೇಗೂರಿನ ಸೀಮೆಯ ಹಳ್ಳಿಗಳನ್ನು ಕೊಟ್ಟ. ಕಳಿಸಿದವನ ಹೆಸರು, ಅವನು ತೀರಿಸಿದ ಋಣ ಎರಡೂ ಸತ್ತವನ ಹೆಸರಿನ ಜೊತೆಗೇ ಕಲ್ಲಿನಲ್ಲಿವೆ.

ನಮ್ಮ ಸ್ಮಾರಕಗಳಲ್ಲಿ ಸತ್ತವರ ಹೆಸರು ಸಾಲಾಗಿರುತ್ತದೆ, ಕಳಿಸಿದವರ ಹೆಸರು ಇರುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಆ ಎರೆಯಪ್ಪನ ಜಾಗದಲ್ಲಿರುವವರು ಮತ ಹಾಕುವ ನಾವೇ. ಪರದೇಶದ ನೆಲದಲ್ಲಿ ಕಾಲಾಳು ತನ್ನ ಪಾಲಿನದನ್ನು ಮುಗಿಸುವುದು ಎದುರಿನವನ ಮುಖ ನೋಡಿ. ಅಲ್ಲಿಗೆ ಅವನನ್ನು ಕಳಿಸುವ ಕಾರಣವನ್ನು ಅಷ್ಟೇ ಹತ್ತಿರದಿಂದ ನೋಡುವುದು ನಮ್ಮ ಪಾಲಿನ ಕೆಲಸ. ಅದನ್ನು ಅವನು ಹೊರಡುವ ಮೊದಲೇ ಮಾಡಬೇಕು. ಪದಕ ಕೊಡುವ ಹೊತ್ತಿಗೆ ಆ ಪ್ರಶ್ನೆ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.