ಯೋಗವೂ ಕ್ಷೇಮವೂ: ಒಂದು ಹಳೆಯ ವಾಹನದ ನಿಮಿತ್ತ

ಮನುಷ್ಯನು 'ಇದು ನನ್ನದು' ಎಂದು ಹೇಳುವಾಗ ನಿಜವಾಗಿ ಏನನ್ನು ಹೇಳುತ್ತಾನೆ? ನ್ಯಾಯಸ್ಥಾನವು ಈ ಪ್ರಶ್ನೆಗೆ ಕಾಗದಪತ್ರಗಳಿಂದ ಉತ್ತರ ಕೊಡುವದು. ಪೇಟೆಯು ಬೆಲೆಯಿಂದ ಉತ್ತರ ಕೊಡುವದು. ಈ ನಾಡಿನ ಹಿರಿಯರಾದರೋ ಒಂದೇ ಸಮಾಸಪದದಲ್ಲಿ ಉತ್ತರವನ್ನು ಅಡಗಿಸಿಟ್ಟಿದ್ದಾರೆ: ಯೋಗಕ್ಷೇಮ. ಇಲ್ಲದುದನ್ನು ಪಡೆಯುವದು ಯೋಗ. ಪಡೆದುದನ್ನು ಕಾಪಾಡುವದು ಕ್ಷೇಮ. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮವು ಗೀತೆಯಿಂದ ಆರಿಸಿಕೊಂಡ ಧ್ಯೇಯವಾಕ್ಯದಲ್ಲಿಯೂ ಇದೇ ಪದವಿರುವದು. ಯೋಗವು ಒಂದು ದಿನದ ಕಾರ್ಯ. ಹಣವೆಣಿಸಿ ಕೊಟ್ಟರೆ ಮುಗಿಯಿತು. ಕ್ಷೇಮವು ಮಾತ್ರ ಎಂದಿಗೂ ಮುಗಿಯದು. ಹೀಗಿರಲು ಒಡೆತನದ ಪರೀಕ್ಷೆಯು ಕೊಂಡ ದಿನ ನಡೆಯತಕ್ಕದ್ದಲ್ಲ, ಅನಂತರದ ಪ್ರತಿದಿನವೂ ನಡೆಯತಕ್ಕದ್ದು.

ಈ ಮಾತನ್ನು ಒರೆಗೆ ಹಚ್ಚಲು ದೊಡ್ಡ ದೃಷ್ಟಾಂತವೇನೂ ಬೇಕಿಲ್ಲ. ಬೆಳಗಾವಿಯ ದಕ್ಷಿಣಭಾಗದಲ್ಲಿ ಶಹಾಪುರ, ವಡಗಾವಿಗಳ ನೆರೆಯಲ್ಲಿರುವ ಖಾಸಬಾಗವು ನೇಕಾರರ ವಸತಿ. ಓಣಿಯನ್ನು ಹೊಕ್ಕೊಡನೆ ಮಗ್ಗಗಳ ಸಪ್ಪಳವು ಕಿವಿಗೆ ಬೀಳುವದು. ಅಲ್ಲಿಯ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಪಡಸಾಲೆಯ ಮಗ್ಗುಲಲ್ಲಿ, ಹಳೆಯ ಚಾದರವೊಂದರ ಕೆಳಗೆ, ಒಂದು ಲ್ಯಾಂಬ್ರೆಟಾ ನಿಂತಿದೆ. ತಂದೆಯವರು ಅದರ ಮೇಲೆ ಸೀರೆಗಳ ಗಂಟನ್ನಿಟ್ಟುಕೊಂಡು ಶಹಾಪುರದ ಅಂಗಡಿಗಳಿಗೆ ಹೋಗುತ್ತಿದ್ದರು. ಬರುವಾಗ ಮಕ್ಕಳನ್ನು ಸಾಲೆಯಿಂದ ಕರೆತರುತ್ತಿದ್ದರು. ತಂದೆಯವರು ತೀರಿಹೋಗಿದ್ದಾರೆ. ಕೊಳ್ಳುವೆನೆಂದು ಒಬ್ಬ ಗೃಹಸ್ಥನು ಬಂದಿದ್ದಾನೆ. ಕೊಡಬೇಕೆಂದು ಅಣ್ಣನ ಮತ. "ಅಪ್ಪನ ಗಾಡೀನ ಮಾರೂದೇನಣ್ಣಾ?" ಎಂದು ತಮ್ಮನ ಪ್ರಶ್ನೆ. ಮೇಲುನೋಟಕ್ಕೆ ಅಣ್ಣನು ಲೋಭಿ, ತಮ್ಮನು ಪಿತೃಭಕ್ತ. ಆದರೆ ಮೂರು ವರ್ಷಗಳಿಂದ ಆ ಚಾದರವನ್ನು ಎತ್ತಿದವರು ಇಬ್ಬರಲ್ಲಿ ಯಾರೂ ಇಲ್ಲ.

ಆ ವಾಹನದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಇಟಲಿಯ ಮೋಟಾರುಸೈಕಲ್ಲುಗಳಲ್ಲಿ ಮೋಟೊ ಗುಟ್ಸಿ, ಡುಕಾಟಿ ಮೊದಲಾದ ಹೆಸರುಗಳು ಲೋಕಪ್ರಸಿದ್ಧವಾಗಿದ್ದರೂ ಈ ಭಾಗದ ಸಾಮಾನ್ಯ ಮನೆಗಳ ಅಂಗಳಕ್ಕೆ ಬಂದದ್ದು ಇಟಲಿಯ ಸ್ಕೂಟರು. ಮಹಾಯುದ್ಧದಲ್ಲಿ ಹಾಳಾದ ಆ ದೇಶದಲ್ಲಿ ಬಡವನಿಗೂ ಎಟಕುವ ವಾಹನ ಬೇಕೆಂದು 1946ರಲ್ಲಿ ಪಿಯಾಜಿಯೊ ಸಂಸ್ಥೆಯು ವೆಸ್ಪಾವನ್ನೂ, 1947ರಲ್ಲಿ ಮಿಲಾನ್ ನಗರದ ಇನೊಚೆಂಟಿ ಸಂಸ್ಥೆಯು ಲ್ಯಾಂಬ್ರೆಟಾವನ್ನೂ ಹೊರತಂದವು. ಲ್ಯಾಂಬ್ರೆಟಾ ಎಂಬ ಹೆಸರು ಕಾರಖಾನೆಯಿದ್ದ ಲ್ಯಾಂಬ್ರಾತೆ ಎಂಬ ಉಪನಗರದಿಂದ ಬಂದದ್ದು. 1950ರ ದಶಕದಲ್ಲಿ ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು ಅದನ್ನು ಇಲ್ಲಿಯೇ ಜೋಡಿಸತೊಡಗಿತು. ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದಿತು. ಆದುದರಿಂದ ಮುಂಬಯಿಯ ಸರಕು ಇಲ್ಲಿಯವರಿಗೆ ಪರದೇಶದ್ದೆನಿಸುತ್ತಿರಲಿಲ್ಲ. ಮಿಲಾನಿನ ಕಾರ್ಯವು 1971ರಲ್ಲಿ ನಿಂತಿತು. ಅಲ್ಲಿಯ ಯಂತ್ರಸಾಮಗ್ರಿಯನ್ನು ಕೊಂಡು, 1972ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ಸ್ಕೂಟರ್ಸ್ ಇಂಡಿಯಾ ಸಂಸ್ಥೆಯು ವಿಜಯ್ ಸೂಪರ್ ಎಂಬ ಸ್ಕೂಟರನ್ನು ಮಾಡಿತು. 1997ರಲ್ಲಿ ಅದೂ ನಿಂತಿತು. ಹೀಗೆ ಹೆತ್ತವರೂ ಸಾಕಿದವರೂ ಇಲ್ಲದ ವಾಹನವಿದು. ಇನ್ನು ಅದರ ಕ್ಷೇಮವು ಒಡೆಯನ ಕೈಯಲ್ಲಿಯೇ ಇರುವದು.

ಈ ಕ್ಷೇಮವೆಂಬದು ಏನು? ಎರಡು ಸ್ಟ್ರೋಕಿನ ಎಂಜಿನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಅಳೆದು ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುವದು. ಹೆಚ್ಚಾದರೆ ಹೊಗೆಯೂ ಮಸಿಯೂ ಹೆಚ್ಚುವವು. ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ಕಾಲಕಾಲಕ್ಕೆ ಕೆರೆಯಬೇಕು, ಪಾಯಿಂಟುಗಳ ಅಂತರವನ್ನು ಸರಿಪಡಿಸಬೇಕು, ಕ್ಲಚ್ಚು ಗೇರುಗಳ ಕೇಬಲ್ಲುಗಳು ಹರಿಯುವ ಮೊದಲೇ ಬದಲಿಸಬೇಕು. ಇದಕ್ಕಿಂತ ವಿಚಾರಾರ್ಹವಾದ ಸಂಗತಿಯೊಂದಿದೆ. ಇಂಥ ಯಂತ್ರವು ಓಡುವದರಿಂದ ಸವೆಯುವದು ನಿಜ, ನಿಲ್ಲಿಸುವದರಿಂದಲೂ ಹಾಳಾಗುವದು. ಪೆಟ್ರೋಲು ಆರಿ ಕಾರ್ಬುರೇಟರಿನ ಸೂಕ್ಷ್ಮರಂಧ್ರಗಳಲ್ಲಿ ಅಂಟು ಕಟ್ಟುವದು. ಈಗಿನ ಪೆಟ್ರೋಲಿನಲ್ಲಿ ಬೆರೆತ ಇಥೆನಾಲು ನೀರನ್ನು ಹೀರುವದಲ್ಲದೆ ಹಳೆಯ ರಬ್ಬರನ್ನು ಕೆಡಿಸುವದು. ಮೃಗದ ಮಳೆಯಿಂದ ನಾಲ್ಕು ತಿಂಗಳು ಆರದ ಬೆಳಗಾವಿಯ ತಂಪು ಬೇರಿಂಗುಗಳಿಗೆ ತುಕ್ಕನ್ನು ಹಿಡಿಸುವದು. ಚಾದರ ಹೊದಿಸಿ ಇಟ್ಟ ಪ್ರೀತಿಯು ರಕ್ಷಣೆಯಂತೆ ಕಾಣುವದು. ಒಳಗೆ ನಡೆಯುತ್ತಿರುವದು ನಾಶವೇ.

ಇಲ್ಲಿ ಸಂಶಯವೊಂದು ಏಳುವದು. ಪಿಸ್ಟನ್ ಹೊಸದು, ಟೈರು ಹೊಸದು, ತಗಡು ತಿದ್ದಿದ್ದು, ಬಣ್ಣ ನಿನ್ನೆಯದು. ಉದ್ಯಮಬಾಗದ ಲೇಥಿನ ಮೇಲೆ ಯಾವನೋ ಕುಶಲಿಯು ಕಡೆದುಕೊಟ್ಟ ಬುಶ್ಶು ಇಟಲಿಯ ಬುಶ್ಶಿನ ಸ್ಥಳದಲ್ಲಿದೆ. ಹೀಗಾದ ಮೇಲೆ ಇದು ಅಪ್ಪನ ಗಾಡಿಯೇ ಹೌದೆ? ಇದು ಬಹು ಪುರಾತನವಾದ ಪ್ರಶ್ನೆ. ಮಿಲಿಂದ ರಾಜನಿಗೆ ನಾಗಸೇನನು ರಥವನ್ನು ತೋರಿಸಿ, ಗಾಲಿಯು ರಥವೋ, ಅಚ್ಚು ರಥವೋ, ನೊಗವು ರಥವೋ ಎಂಬರ್ಥದ ಪ್ರಶ್ನೆಗಳನ್ನು ಕೇಳಿದನೆಂದು ಬೌದ್ಧಗ್ರಂಥವು ಹೇಳುವದು. ಗ್ರೀಕರಲ್ಲಿಯೂ ಒಂದೊಂದಾಗಿ ಹಲಗೆ ಬದಲಾದ ಹಡಗಿನ ವಾದವಿದೆ. ಖಾಸಬಾಗದ ಮನೆಗೆ ಬೇಕಾದ ಉತ್ತರವು ಇಷ್ಟೇ: ಅಪ್ಪನು ಬದುಕಿದ್ದಾಗಲೂ ಟೈರು ಬದಲಿಸಿದ್ದನು, ಕೇಬಲ್ಲು ಬದಲಿಸಿದ್ದನು, ಆಗ ಯಾರೂ ಈ ಸಂಶಯವನ್ನು ಎತ್ತಲಿಲ್ಲ. ಬಿಡಿಭಾಗಗಳು ಬದಲಾದರೂ ಕಾಳಜಿಯ ಎಳೆ ಹರಿಯದಿದ್ದರೆ ವಸ್ತುವು ಅದೇ. ಎಳೆ ಹರಿದುಹೋದರೆ, ಒಂದು ಸ್ಕ್ರೂ ಕೂಡ ಬದಲಾಗದಿದ್ದರೂ, ಉಳಿಯುವದು ಕಬ್ಬಿಣ.

ಇನ್ನು ವಿಮೆಯ ವಿಷಯ. ಅಪ್ಪನ ಗಾಡಿಯ ಬೆಲೆಯೆಷ್ಟೆಂದು ತಮ್ಮನು ವಿಮೆಯವರನ್ನು ಕೇಳಿದರೆ ಸಿಕ್ಕುವ ಉತ್ತರವು ಅವನ ಮನಸ್ಸನ್ನು ನೋಯಿಸುವದು. ಐದು ವರ್ಷ ದಾಟಿದ ವಾಹನದ ವಿಮಾಮೌಲ್ಯಕ್ಕೆ ನಿಶ್ಚಿತವಾದ ಕೋಷ್ಟಕವಿಲ್ಲ. ವಿಮೆ ಮಾಡುವವನೂ ಮಾಡಿಸುವವನೂ ಒಪ್ಪಿದ್ದೇ ಮೌಲ್ಯ. ಸಾಮಾನ್ಯ ವಿಮಾಪತ್ರದಲ್ಲಿ ರಬ್ಬರಿನ ಭಾಗ ಬದಲಿಸಿದರೆ ಬೆಲೆಯ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ; ಹತ್ತು ವರ್ಷ ದಾಟಿದ ವಾಹನಕ್ಕೆ ಲೋಹದ ಭಾಗಕ್ಕೂ ಹಾಗೆಯೇ. ಇದನ್ನು ಅನ್ಯಾಯವೆನ್ನಲಾಗದು. ವಿಮೆಯು ಹಾನಿಯನ್ನು ತುಂಬಿಕೊಡುವದು. ನೆನಪನ್ನು ಯಾವ ನಿಧಿಯಿಂದ ತುಂಬಿಕೊಟ್ಟೀತು?

ಆದರೆ ವಿಮೆಯಲ್ಲಿ ಇನ್ನೊಂದು ಭಾಗವಿದೆ. ನೀತಿಯ ದೃಷ್ಟಿಯಿಂದ ಅದೇ ಮುಖ್ಯ. ಕಾಯಿದೆಯು ಒಡೆಯನ ವಸ್ತುವಿಗೆ ವಿಮೆ ಮಾಡಿಸೆಂದು ಒತ್ತಾಯಿಸುವದಿಲ್ಲ. ಮೂರನೆಯವನ ಹಾನಿಗೆ ಮಾಡಿಸಲೇಬೇಕೆನ್ನುವದು. 1939ರ ಮೋಟಾರು ವಾಹನ ಕಾಯಿದೆಯಲ್ಲಿ ಬಂದ ಈ ನಿರ್ಬಂಧವು 1988ರ ಕಾಯಿದೆಯ 146ನೆಯ ಕಲಮಿನಲ್ಲಿ ಮುಂದುವರಿದಿದೆ. ವಿಮೆ ಮಾಡಿಸಿದವನು ಒಬ್ಬ, ಮಾಡಿದ ಸಂಸ್ಥೆ ಎರಡನೆಯದು, ಮೂರನೆಯವನು ಯಾರು? ಸಂತೆಯಿಂದ ಕೈಚೀಲ ಹಿಡಿದು ಬರುವ ಮುದುಕಿ, ಓಣಿಯಲ್ಲಿ ಚೆಂಡಿನ ಹಿಂದೆ ಓಡುವ ಹುಡುಗ. ಅವರು ಯಾವ ಕರಾರಿಗೂ ಸಹಿ ಹಾಕಿದವರಲ್ಲ. ಅಪ್ಪನ ನೆನಪಿನಲ್ಲಿ ಅವರಿಗೆ ಪಾಲಿಲ್ಲ; ಅಪ್ಪನ ಗಾಡಿಯ ಸವೆದ ಬ್ರೇಕಿನಲ್ಲಿ ಮಾತ್ರ ಪಾಲು ಬರುವದು. ಆದುದರಿಂದ ವಿಮೆಯಿಲ್ಲದೆ ಹಳೆಯ ವಾಹನವನ್ನು ಪ್ರೀತಿಯಿಂದ ಓಡಿಸುವವನು ತನ್ನ ಪ್ರೀತಿಯ ವೆಚ್ಚವನ್ನು ಅಪರಿಚಿತನ ಮೈಮೇಲೆ ಹೇರುತ್ತಾನೆ. ವಿಮೆಯನ್ನು ಕಟ್ಟಿ ಬ್ರೇಕನ್ನು ನೋಡದವನೂ ಅಷ್ಟೇ ದೋಷಿ. ಪರಿಹಾರದ ಹಣದಿಂದ ಮುರಿದ ಕಾಲು ಮೊದಲಿನಂತಾಗದು. ಧರ್ಮವು ಕಾಯಿದೆಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುವದು ಇಲ್ಲಿಯೇ.

ಹಾಗಾದರೆ ಓಡಿಸದೆ ಪೂಜಿಸುವದೇ ಲೇಸೆಂದು ಕೆಲವರು ಹೇಳಬಹುದು. ಸರಕಾರವೂ 2021ರ ನಿಯಮಗಳಲ್ಲಿ ಇಂಥದೊಂದು ದಾರಿಯನ್ನು ತೋರಿಸಿದೆ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಕೆಡದ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅವುಗಳನ್ನು ನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ. ಸ್ಥಾವರ ಜಂಗಮಗಳ ಭೇದವು ಕನ್ನಡಿಗರಿಗೆ ಹೊಸದಲ್ಲ. ಗೌರವವನ್ನು ಬಯಸಿದರೆ ವಾಹನವು ಸ್ಥಾವರವಾಗಬೇಕು. ಜಂಗಮವಾಗಿಯೇ ಉಳಿದರೆ ಹದಿನೈದು ವರ್ಷಗಳ ಮೊದಲ ಅವಧಿಯಾದ ಮೇಲೆ ತಪಾಸಣೆಗೊಡ್ಡಿ ನೋಂದಣಿಯನ್ನು ಮತ್ತೆ ಮತ್ತೆ ಹೊಸದು ಮಾಡಿಸುತ್ತ, ಹೊಗೆಯ ಪ್ರಮಾಣಪತ್ರವನ್ನು ಪಡೆಯುತ್ತ ನಡೆಯಬೇಕು. ಎರಡು ಸ್ಟ್ರೋಕಿನ ಹೊಗೆಯಲ್ಲಿ ಅರೆಸುಟ್ಟ ಎಣ್ಣೆಯಿರುವದು, ಅದನ್ನು ಉಸಿರಾಡುವವರು ನೆರೆಹೊರೆಯವರು ಎಂಬ ಆಕ್ಷೇಪಕ್ಕೆ ಪೂರ್ಣ ಸಮಾಧಾನವಿಲ್ಲ. ಮಿತವಾದ ಬಳಕೆ, ಅಳತೆ ತಪ್ಪದ ಎಣ್ಣೆ, ಶುದ್ಧವಾದ ಎಂಜಿನು, ಇಷ್ಟೇ ಒಡೆಯನು ಕೊಡಬಹುದಾದ ಉತ್ತರ. ಅರೆಬರೆ ಉತ್ತರವೆಂದು ತಿಳಿದೇ ಅವನು ಓಡಿಸಬೇಕು.

ಈಗ ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಮರಳಬಹುದು. ಕೊಳ್ಳಬಂದವನು ಆ ವಾಹನವನ್ನು ಬಿಚ್ಚಿ, ತೊಳೆದು, ನಡೆಯಿಸಬಲ್ಲವನಾದರೆ, ಚಾದರದ ಕೆಳಗೆ ಕೊಳೆಯಿಸುವ ತಮ್ಮನಿಗಿಂತ ಅವನೇ ಅಪ್ಪನ ಗಾಡಿಗೆ ಹೆಚ್ಚಿನ ವಾರಸುದಾರನು. ಮಾರಬೇಕೆಂದ ಅಣ್ಣನೇ ಹೆಚ್ಚು ಭಕ್ತನೆಂದು ಆಗಲೂಬಹುದು. ಭಕ್ತಿಯು ತನ್ನದೆಂದು ತಮ್ಮನು ಸಾಧಿಸಬೇಕಾದರೆ ಅದು ಮಾತಿನಿಂದ ಸಾಧ್ಯವಿಲ್ಲ. ಅವನು ಚಾದರವನ್ನು ಎತ್ತಲಿ. ಮಿಸ್ತ್ರಿಯನ್ನು ಕರೆಯಿಸಿ ಮೊದಲು ಬ್ರೇಕನ್ನು, ಆಮೇಲೆ ಎಂಜಿನನ್ನು ತೋರಿಸಲಿ. ನೋಂದಣಿಯನ್ನು ಹೊಸದು ಮಾಡಿಸಲಿ. ಮೂರನೆಯವನ ವಿಮೆಯ ಹಣವನ್ನು, ಬಣ್ಣದ ಖರ್ಚಿಗಿಂತ ಮೊದಲು, ತೆಗೆದಿಡಲಿ. ವರುಷಕ್ಕೊಮ್ಮೆ ಖಂಡೇನವಮಿಯ ದಿನ ಹೂವೇರಿಸುವದು ಸುಲಭ. ಉಳಿದ ದಿನಗಳಲ್ಲಿ ಕೈ ಮಸಿಯಾಗಬೇಕು. ಅಷ್ಟನ್ನು ಮಾಡಿದವನು 'ಇದು ನನ್ನದು' ಎಂದರೆ ಆ ಮಾತಿಗೆ ಅರ್ಥವುಂಟು. ಮಾಡಲಾರದವನು ಸಕಾಲದಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಿದರೆ, ಅದೂ ಕ್ಷೇಮವೇ ಎಂದು ತಿಳಿಯತಕ್ಕದ್ದು.