ಯಾರೂ ಹೊರಡದ ಪಯಣ

ಮುರ್ಡೇಶ್ವರದ ಕಂದುಕಗಿರಿಗೆ ಮೂರು ಕಡೆ ಸಮುದ್ರ. ಗರ್ಭಗುಡಿಯ ಧೂಪ, ಬಾಳೆನಾರಿನಲ್ಲಿ ಕಟ್ಟಿದ ಭಟ್ಕಳ ಮಲ್ಲಿಗೆ, ದಂಡೆಯಲ್ಲಿ ಹರವಿದ ಒಣಮೀನು, ಎಲ್ಲದರ ವಾಸನೆಯೂ ಅಲ್ಲಿ ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹೀಗೆ ಹರಡುವುದೇ ವಿಸರಣೆ ಎಂದು ಶಾಲೆಯಲ್ಲಿ ಊದುಬತ್ತಿಯ ಉದಾಹರಣೆ ಕೊಟ್ಟು ಹೇಳಿಕೊಡುತ್ತಾರೆ. ಆ ಉದಾಹರಣೆಯ ಮೇಲೆ ನನ್ನದೊಂದು ತಕರಾರಿದೆ. ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಓಡುತ್ತವೆ, ನಿಜ. ಆದರೆ ಅದೇ ಸೆಕೆಂಡಿನಲ್ಲಿ ನೂರಾರು ಕೋಟಿ ಸಲ ಒಂದಕ್ಕೊಂದು ಡಿಕ್ಕಿ ಹೊಡೆದು ದಾರಿ ಬದಲಿಸುತ್ತವೆ. ಗಾಳಿ ಒಂದಿಷ್ಟೂ ಅಲುಗದಿದ್ದರೆ ಪರಿಮಳ ಐದು ಮೀಟರಿನಷ್ಟು ಹರಡಲು ವಾರಗಳೇ ಬೇಕು. ಮಲ್ಲಿಗೆಯನ್ನು ನಮ್ಮ ತನಕ ತಂದದ್ದು ಕಡಲಗಾಳಿ. ವಿಸರಣೆಯ ಪಾಲು ಅದರಲ್ಲಿ ತೀರ ಸಣ್ಣದು.

ನೀರಿನಲ್ಲಂತೂ ಇದು ಇನ್ನೂ ಸಾವಿರಾರು ಪಟ್ಟು ನಿಧಾನ. 1855ರಲ್ಲಿ ಅಡಾಲ್ಫ್ ಫಿಕ್ ಎಂಬ ಯುವ ಅಂಗರಚನಾ ತಜ್ಞ ವಿಸರಣೆಯ ನಿಯಮ ಕಂಡುಕೊಂಡದ್ದು ಉಪ್ಪಿನಿಂದಲೇ: ಕೆಳಗೆ ಗಟ್ಟಿ ಉಪ್ಪುನೀರು, ಮೇಲೆ ಸಿಹಿನೀರು ಇಟ್ಟು ವಾರಗಟ್ಟಲೆ ಕಾದ. ನಮ್ಮ ಅಡುಗೆಮನೆಯಲ್ಲೂ ನೋಡಬಹುದು. ಲೋಟದ ನೀರಿಗೆ ಹರಳುಪ್ಪು ಹಾಕಿ ಕಲಕದೆ ಬಿಟ್ಟರೆ ಹರಳಿನ ಸುತ್ತ ಎಣ್ಣೆಯಂಥ ಎಳೆಗಳು ಆಡುತ್ತವೆ, ಆಮೇಲೆ ತಳದಲ್ಲಿ ಭಾರದ ಪದರವೊಂದು ಕೂತುಬಿಡುತ್ತದೆ. ಒಂದು ಸೆಂಟಿಮೀಟರ್ ಮೇಲೇರಲು ಉಪ್ಪಿಗೆ ಹೆಚ್ಚುಕಡಿಮೆ ಒಂಬತ್ತು ಗಂಟೆ ಬೇಕು. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ಆ ಲೆಕ್ಕದಲ್ಲಿ ಒಂದು ಮೀಟರಿಗೆ ಹತ್ತು ವರ್ಷ, ಮೂರು ಮೀಟರಿಗೆ ತೊಂಬತ್ತು! ಹೊನ್ನಾವರದ ಅಳಿವೆಯಲ್ಲಿ ಶರಾವತಿಯ ಸಿಹಿನೀರು ಸಮುದ್ರಕ್ಕೆ ಕೂಡಿಕೊಳ್ಳಲು ಅಷ್ಟು ಕಾಲ ಯಾರು ಕಾಯುತ್ತಾರೆ? ಭರತ ಇಳಿತಗಳು ದಿನಕ್ಕೆ ಎರಡೆರಡು ಸಲ ಬಂದು ಕದಡುತ್ತವೆ.

ದೂರದ ವರ್ಗಕ್ಕೆ ತಕ್ಕಂತೆ ಕಾಲ ಬೆಳೆಯುವ ಈ ಲೆಕ್ಕ ಬಂದದ್ದು ಅಣುಗಳ ಗೊತ್ತುಗುರಿಯಿಲ್ಲದ ಅಲೆದಾಟದಿಂದ. ಐನ್‌ಸ್ಟೈನ್ ಅದನ್ನು 1905ರಲ್ಲಿ ಬಿಡಿಸಿಟ್ಟರು. ಉಪ್ಪಿನ ಕಣಕ್ಕೆ ಕಡಿಮೆ ಇರುವ ಕಡೆ ಯಾವುದೆಂದು ತಿಳಿಯದು, ಅತ್ತ ಹೋಗಬೇಕೆಂಬ ತುಡಿತವೂ ಇಲ್ಲ. ತೇರಿನ ದಿನ ರಥಬೀದಿಯಲ್ಲಿ ಸಿಕ್ಕಿಕೊಂಡವನ ಹಾಗೆ ಅದು ಬಿದ್ದ ಪೆಟ್ಟಿಗೆ ತಕ್ಕಂತೆ ಸರಿಯುತ್ತದೆ, ಅಷ್ಟೇ. ಹೆಚ್ಚು ಕಣಗಳಿರುವಲ್ಲಿಂದ ಹೆಚ್ಚು ಆಚೆ ಬೀಳುತ್ತವೆ, ಕಡಿಮೆ ಇರುವಲ್ಲಿಂದ ಕಡಿಮೆ ಈಚೆ ಬೀಳುತ್ತವೆ. ನಮ್ಮ ಕಣ್ಣಿಗೆ ಅದೊಂದು ದಿಕ್ಕಾಗಿ ಕಾಣುತ್ತದೆ. ಒಬ್ಬೊಬ್ಬರಲ್ಲಿ ಇಲ್ಲದ ದಿಕ್ಕು ಎಲ್ಲರಲ್ಲಿ ಎಲ್ಲಿಂದ ಹುಟ್ಟಿತು? ಸಂಖ್ಯೆಯಿಂದ ಎನ್ನುತ್ತದೆ ಗಣಿತ. ಉತ್ತರ ಸರಿ, ಆದರೂ ಬೆರಗು ಹೋಗುವುದಿಲ್ಲ. ನಮ್ಮ ಊರುಗಳ ಚರಿತ್ರೆಗೆ ನಾವು ಕೊಡುವ ಉದ್ದೇಶಗಳಲ್ಲಿ ಎಷ್ಟು ಹೀಗೆ ಆಮೇಲೆ ಅಂಟಿಸಿದವೋ!

ವಿಸರಣೆಯನ್ನು ಹಂಚಿಕೊಳ್ಳುವ ಗುಣವೆಂದು ಭಾಷಣಗಳಲ್ಲಿ ಹೊಗಳುವುದುಂಟು. ನನಗದು ಒಪ್ಪಿಗೆಯಿಲ್ಲ. ಎಲ್ಲೆಡೆ ಸಮವಾದ ಮೇಲೂ ಅಣುಗಳ ಓಡಾಟ ನಿಲ್ಲುವುದಿಲ್ಲ. ಅತ್ತ ಹೋದಷ್ಟೇ ಇತ್ತ ಬರುತ್ತವೆ. ಕೊಡುವವರಾಗಲಿ ಪಡೆಯುವವರಾಗಲಿ ಅಲ್ಲಿ ಇಲ್ಲ.

ಹತ್ತಿರದ ಕೆಲಸದಲ್ಲಿ ಮಾತ್ರ ಈ ಗುರಿಯಿಲ್ಲದ ಅಲೆದಾಟಕ್ಕೆ ಸಾಟಿಯಿಲ್ಲ. ನಮ್ಮ ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ರಕ್ತಕ್ಕೆ ಬೇಕಾದ ಆಮ್ಲಜನಕ ಸುಮಾರು ಕಾಲು ಸೆಕೆಂಡಿನಲ್ಲಿ ಅದನ್ನು ದಾಟಿಬಿಡುತ್ತದೆ. ಅಲ್ಲಿವರೆಗೆ ಗಾಳಿ ಎಳೆದುಕೊಳ್ಳಲು ಎದೆಗೂಡು ದುಡಿಯಬೇಕು, ಅಲ್ಲಿಂದಾಚೆ ಹೊತ್ತೊಯ್ಯಲು ಹೃದಯ ದುಡಿಯಬೇಕು.

ಬೆರೆತದ್ದನ್ನು ಬೇರ್ಪಡಿಸಲು ಎಷ್ಟು ದುಡಿಮೆ ಬೇಕೆಂದು ನೋಡಲು ಕುಮಟಾ ತಾಲೂಕಿನ ಸಾಣಿಕಟ್ಟಾಕ್ಕೆ ಹೋಗಬೇಕು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದೆಲ್ಲವೂ ಅಡುಗೆಯ ಉಪ್ಪಲ್ಲ, ಹಾಗಾಗಿ ಒಂದು ಕಿಲೋ ಉಪ್ಪಿಗೆ ಮೂವತ್ತು ಲೀಟರಿಗೂ ಹೆಚ್ಚು ನೀರು ಆರಬೇಕು. ಅಲ್ಲಿನ ಆಗರಗಳಲ್ಲಿ ಬೇಸಿಗೆಯ ಬಿಸಿಲು ಆ ನೀರನ್ನು ಆರಿಸುತ್ತದೆ, ಕಾಲು ಸುಡುವ ಮಡಿಗಳಲ್ಲಿ ನಿಂತು ಜನ ಉಪ್ಪನ್ನು ಬಾಚಿ ರಾಶಿ ಹಾಕುತ್ತಾರೆ. ಮುಂಗಾರಿಗೆ ಮೊದಲೇ ಅದೆಲ್ಲ ಸೂರಿನಡಿ ಸೇರಬೇಕು. ಮಡಿಯಲ್ಲಿ ಉಳಿದದ್ದನ್ನು ಜೂನ್ ತಿಂಗಳ ಮಳೆ ಕರಗಿಸಿ ತೊಳೆದುಬಿಡುತ್ತದೆ, ಅದಕ್ಕೆ ಕೂಲಿ ಕೊಡಬೇಕಾಗಿಲ್ಲ.