ತಾಳಿದವನು ಬಾಳಿಯಾನು – ಎಲ್ಲಿಯ ತನಕ?



‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವೆಲ್ಲರೂ ತಾಯಿಯ ಬಾಯಿಂದಲೇ ಕೇಳಿ ಬೆಳೆದವರು. ಗುರುಮಠದಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ದೇವಾಲಯದಲ್ಲಿ ನಾನು ಬೋಧಿಸುತ್ತಾ ಬಂದದ್ದೂ ಅದನ್ನೇ. ಹಿಡಿದ ಕೆಲಸವನ್ನು ನಡುವೆ ಕೈಬಿಡಬಾರದು, ಕಷ್ಟ ಬಂದಾಗ ಹಿಂಜರಿಯಬಾರದು, ಕೊನೆಯ ತನಕ ಸಹಿಸಬೇಕು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಯಾವ ಗ್ರಂಥಾಲಯದಲ್ಲೂ ಅಲ್ಲ. ಚಳಿಮಳೆಯಲ್ಲಿ ನೆನೆದ ಒಂದು ರಸ್ತೆಯಲ್ಲಿ.

2016ರಲ್ಲಿ ನಾನು ಜರ್ಮನಿಯ ಬವೇರಿಯಾ ಪ್ರಾಂತದ ಸಣ್ಣ ಪಟ್ಟಣವೊಂದರಲ್ಲಿ ಸಹಾಯಕ ಗುರುವಾಗಿದ್ದೆ. ಏಪ್ರಿಲ್ ಕೊನೆಯಲ್ಲಿ ನಡೆಯುವ ಹಾಫ್ ಮ್ಯಾರಥಾನ್ ಓಟಕ್ಕೆ ಅಲ್ಲಿನ ಯುವಕರು ನನ್ನನ್ನೂ ಎಳೆದರು. 21 ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರ. ನಾಲ್ಕು ತಿಂಗಳು ಅಭ್ಯಾಸ ಮಾಡಿದ್ದೆ. ಹಿಂದಿನ ವಾರವೆಲ್ಲ ಹಿತವಾದ ಬಿಸಿಲು. ಸೇಬಿನ ಮರಗಳು ಹೂ ಬಿಟ್ಟಿದ್ದವು. ಓಟದ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಎಲ್ಲೆಲ್ಲೂ ಬೂದಿ ಬಣ್ಣ. ಉಷ್ಣತೆ ಎರಡು ಡಿಗ್ರಿ, ಹಿಮ ಬೆರೆತ ಮಳೆ, ಎದುರುಗಾಳಿ. ಕರಾವಳಿಯ ಸೆಕೆಯಲ್ಲಿ ಹುಟ್ಟಿದ ನಾನು ತೆಳು ಬನಿಯನ್ನು, ಅರ್ಧ ಚಡ್ಡಿ ತೊಟ್ಟು ಹೊರಟಿದ್ದೆ. ಜತೆಗಿದ್ದ ಹುಡುಗನೊಬ್ಬ ಕಸದ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ನನ್ನ ತಲೆಯ ಮೇಲಿಂದ ಇಳಿಸಿದ. ನಗು ಬಂತು. ಐದು ಕಿಲೋಮೀಟರ್ ದಾಟುವಾಗ ಆ ಚೀಲಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದೆ.

ಸುಮಾರು 14ನೆಯ ಕಿಲೋಮೀಟರಿನಲ್ಲಿ ಕೆರೆಯ ಬದಿಯ ದಾರಿ. ಅಲ್ಲಿ ಅರುವತ್ತರ ಆಸುಪಾಸಿನ ಒಬ್ಬ ಓಟಗಾರ ನಿಂತಿದ್ದರು. ಎದೆಯ ಮೇಲಿನ ಅಂಗಿಯ ಜಿಪ್ಪನ್ನು ಎಳೆಯಲು ಯತ್ನಿಸುತ್ತಿದ್ದರು. ಬೆರಳುಗಳು ಅದನ್ನು ಹಿಡಿಯುತ್ತಿರಲಿಲ್ಲ. ನಾನು ವೇಗ ತಗ್ಗಿಸಿ, “ಚೆನ್ನಾಗಿದ್ದೀರಾ?” ಎಂದು ಕೇಳಿದೆ. “ಹೌದು, ಹೌದು, ಪರವಾಗಿಲ್ಲ” ಎಂದರು. ಮಾತು ತೊದಲುತ್ತಿತ್ತು. ನನ್ನ ಜರ್ಮನ್ ಭಾಷೆ ಅಷ್ಟಕ್ಕಷ್ಟೆ, ಅದಕ್ಕೇ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ಕೇಳುವ ಕರ್ತವ್ಯ ಮುಗಿಯಿತು; ಉತ್ತರವೂ ಸಿಕ್ಕಿತು. ಓಡುತ್ತಾ ಮುಂದೆ ಹೋದೆ. ಎರಡು ಗಂಟೆ ಒಂಬತ್ತು ನಿಮಿಷಕ್ಕೆ ಗುರಿ ಮುಟ್ಟಿ ಪದಕ ಕೊರಳಿಗೆ ಹಾಕಿಸಿಕೊಂಡೆ.

ನನ್ನ ಹಿಂದೆ ಬಂದ, ಊರಿನ ಬ್ರೆಡ್ ಅಂಗಡಿಯ ಹೆಂಗಸೊಬ್ಬರು ಅಲ್ಲಿ ಓಟ ನಿಲ್ಲಿಸಿದ್ದರು. ಆ ಮನುಷ್ಯನನ್ನು ಹತ್ತಿರದ ಮನೆಯೊಂದಕ್ಕೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಹೊದೆಸಿ, ಆಂಬುಲೆನ್ಸ್ ಬರುವ ತನಕ ಜತೆಗಿದ್ದರು. ಅವರು ಉಳಿದರು. ಮರುವಾರ ಅಂಗಡಿಯಲ್ಲಿ ನಾನು ತಲೆ ತಗ್ಗಿಸಿ, “ನಾನೂ ಕೇಳಿದೆನಮ್ಮಾ, ಪರವಾಗಿಲ್ಲ ಎಂದರು” ಎಂದೆ. ಆಕೆ ಬ್ರೆಡ್ ಕಟ್ಟುತ್ತಲೇ, “ನಾನು ಏನೂ ಕೇಳಲಿಲ್ಲ ಫಾದರ್, ಕೈ ನೋಡಿದೆ” ಎಂದರು.

ವೈದ್ಯರು ಹೇಳುವುದು ಹೀಗೆ. ನಮ್ಮ ದೇಹದ ಒಳಗಿನ ಉಷ್ಣತೆ ಸಾಮಾನ್ಯವಾಗಿ 37 ಡಿಗ್ರಿಯ ಹತ್ತಿರ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ. ಬರೀ ಚಳಿಗಿಂತ ಚಳಿ, ಮಳೆ, ಗಾಳಿ ಮೂರೂ ಕೂಡಿದರೆ ಹೆಚ್ಚು ಕೆಟ್ಟದ್ದು; ಒದ್ದೆ ಬಟ್ಟೆ ಮೈಯ ಕಾವನ್ನು ಬೇಗ ಕಳೆಯುತ್ತದೆ. ಮೊದಲು ನಡುಕ, ಆಮೇಲೆ ಬೆರಳುಗಳ ತಡವರಿಕೆ, ತೊದಲು ಮಾತು, ಮಂಕು. ಕೊನೆಗೆ ನಡುಕವೇ ನಿಂತುಹೋಗುತ್ತದೆ. ಅದು ಗುಣವಾದ ಲಕ್ಷಣವಲ್ಲ, ಕೈಮೀರುತ್ತಿರುವ ಲಕ್ಷಣ. ನಾನು ಬಹಳ ಯೋಚಿಸಿದ ಸಂಗತಿ ಒಂದಿದೆ: ‘ಇನ್ನು ಸಾಕು, ನಿಲ್ಲಬೇಕು’ ಎಂದು ತೀರ್ಮಾನಿಸಬೇಕಾದ ಬುದ್ಧಿಯನ್ನೇ ಚಳಿ ಕದಿಯುತ್ತದೆ. ಅಪಾಯದಲ್ಲಿರುವವನೇ ತನಗೇನೂ ಆಗಿಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುವುದಲ್ಲ, ಅವನಿಗೆ ಕಾಣುವುದಿಲ್ಲ. ‘ತನ್ನ ಬೆನ್ನು ತನಗೆ ಕಾಣದು’ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಐದು ವರ್ಷಗಳ ನಂತರ ಚೀನಾ ದೇಶದಿಂದ ಬಂದ ಸುದ್ದಿ ಓದಿ ಆ ಕೆರೆಯ ದಾರಿ ಮತ್ತೆ ನೆನಪಾಯಿತು. 2021ರ ಮೇ 22ರಂದು ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ 100 ಕಿಲೋಮೀಟರ್ ಓಟ. 172 ಮಂದಿ ಹೊರಟರು. ಹೆಚ್ಚಿನವರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಗಾಳಿ ತಡೆಯುವ ಕೋಟು ಕಡ್ಡಾಯವಾಗಿರಲಿಲ್ಲ. ಸುಮಾರು ಹಾಫ್ ಮ್ಯಾರಥಾನಿನಷ್ಟು ದೂರ ಓಡಿ ಕಡಿದಾದ ಏರಿನಲ್ಲಿದ್ದಾಗ ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಅಪ್ಪಳಿಸಿತು. ಆ ಭಾಗಕ್ಕೆ ವಾಹನ ಹೋಗುವ ದಾರಿಯಿರಲಿಲ್ಲ. 21 ಮಂದಿ ಸತ್ತರು. ಸತ್ತವರು ಹೊಸಬರೇನಲ್ಲ; ದೇಶದಲ್ಲೇ ಹೆಸರಾಂತ ದೂರ ಓಟಗಾರ ಲಿಯಾಂಗ್ ಜಿಂಗ್ ಅವರೂ ಅದರಲ್ಲಿದ್ದರು. ಸಂಘಟಕರ ಸಿದ್ಧತೆ ಸಾಲದೆಂದು ಆಮೇಲಿನ ತನಿಖೆ ಹೇಳಿತು.

ಆ ದಿನ ಅದೇ ಬೆಟ್ಟದಲ್ಲಿ ಜು ಕೆಮಿಂಗ್ ಎಂಬ ಕುರಿಗಾಹಿ ಕುರಿ ಮೇಯಿಸುತ್ತಿದ್ದ. ಹವೆ ಕೆಟ್ಟೊಡನೆ ಗುಹೆಯೊಂದನ್ನು ಸೇರಿಕೊಂಡ. ಇಂಥ ಹೊತ್ತಿಗೆಂದೇ ಅಲ್ಲಿ ಬಟ್ಟೆ, ಆಹಾರ ಇಟ್ಟಿದ್ದ. ಹೊರಗೆ ನೋಡಿದರೆ ಒಬ್ಬ ಓಟಗಾರ ಅಲುಗಾಡದೆ ನಿಂತಿದ್ದಾನೆ. ಹೋಗಿ ಒಳಗೆ ಕರೆತಂದ. ಕೈಕಾಲು ತಿಕ್ಕಿದ, ಬೆಂಕಿ ಹಾಕಿದ, ಬಟ್ಟೆ ಒಣಗಿಸಿದ. ಹೀಗೆ ಆರು ಜೀವಗಳು ಉಳಿದವು. ಲೋಕವೆಲ್ಲ ಹೊಗಳಿದಾಗ ಆತ, ತಾನು ಸಾಮಾನ್ಯ ಮನುಷ್ಯ, ಮಾಡಿದ್ದು ಸಾಮಾನ್ಯ ಕೆಲಸ ಎಂದ. ಉಳಿಸಲಾಗದೆ ಹೋದವರಿಗಾಗಿ ಮರುಗಿದ. ಕುರಿಗಾಹಿ ಎಂಬ ಪದವಿಯನ್ನು ಹೊತ್ತ ನಮ್ಮಂಥ ಗುರುಗಳಿಗೆ ಈ ನಿಜವಾದ ಕುರಿಗಾಹಿಯ ಮುಂದೆ ನಾಚಿಕೆಯಾಗಬೇಕು. ಅವನಿಗಿಂತ ಮುಂಚೆ ನಿಂತದ್ದು ಅವನ ಕಾಲು: ಮಳೆ ಬಂದೊಡನೆ ಕೆಲಸ ಬಿಟ್ಟು ಗುಹೆ ಸೇರಿದ್ದರಿಂದಲೇ ಅವನಿಂದ ಆರು ಜನರನ್ನು ಉಳಿಸಲು ಸಾಧ್ಯವಾಯಿತು.

ಹಾಗಾದರೆ ಕಷ್ಟ ಬಂದ ಕೂಡಲೇ ಕೈಚೆಲ್ಲಬೇಕೇ? ಹಾಗಲ್ಲ. 2018ರ ಏಪ್ರಿಲ್ 16ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಕೂಡ ಕೊರೆಯುವ ಮಳೆಗಾಳಿಯಲ್ಲಿ ನಡೆಯಿತು. ಹೆಸರಾಂತ ಓಟಗಾರರು ಹಲವರು ಅರ್ಧದಲ್ಲೇ ನಿಂತರು. ಡೆಸಿರೀ ಲಿಂಡೆನ್ ಎಂಬಾಕೆಗೂ ಆರಂಭದಲ್ಲೇ ನಿಲ್ಲುವ ಮನಸ್ಸಾಗಿತ್ತು. ಹೇಗೂ ನಿಲ್ಲುವವಳು, ಇತರರಿಗಾದರೂ ನೆರವಾಗೋಣ ಎಂದು ಪ್ರತಿಸ್ಪರ್ಧಿಯಾದ ಶಲೇನ್ ಫ್ಲಾನಗನ್‌ಗೆ ಅದನ್ನು ಹೇಳಿದಳು. ಫ್ಲಾನಗನ್ ಶೌಚಕ್ಕೆಂದು ದಾರಿಯಲ್ಲಿ ನಿಂತಾಗ ಲಿಂಡೆನ್ ವೇಗ ತಗ್ಗಿಸಿ ಆಕೆಗಾಗಿ ಕಾದು, ಗುಂಪನ್ನು ಮತ್ತೆ ಸೇರಲು ನೆರವಾದಳು. ಕೊನೆಗೆ ಗೆದ್ದವಳು ಲಿಂಡೆನ್. ಅಮೆರಿಕದ ಮಹಿಳೆಯೊಬ್ಬಳು ಅಲ್ಲಿ ಗೆದ್ದದ್ದು 33 ವರ್ಷಗಳ ಮೇಲೆ. ಇಲ್ಲಿ ಮುಂದುವರಿದದ್ದೂ ಸರಿ, ಬೇರೆಯವರು ನಿಂತದ್ದೂ ಸರಿ. ಹಾಗಾದರೆ ಸರಿತಪ್ಪುಗಳ ಗೆರೆ ಎಲ್ಲಿದೆ?

ಸಂತ ತೋಮಸ್ ಅಕ್ವೀನಾಸರು ಇದನ್ನು ಎಳೆಎಳೆಯಾಗಿ ವಿಚಾರ ಮಾಡಿದ್ದಾರೆ. ಧೈರ್ಯವೆಂಬ ಸದ್ಗುಣದ ಮುಖ್ಯ ಕೆಲಸ ಮೇಲೆ ಬೀಳುವುದಲ್ಲ, ತಾಳಿಕೊಳ್ಳುವುದು ಎನ್ನುತ್ತಾರೆ ಅವರು. ಇದು ನಮ್ಮ ಗಾದೆಗೆ ಸಮವಾಯಿತು. ಆದರೆ ಪಟ್ಟುಹಿಡಿದು ನಿಲ್ಲುವ ಗುಣಕ್ಕೆ ಎದುರಾಗಿ ಅವರು ಒಂದಲ್ಲ, ಎರಡು ದುರ್ಗುಣಗಳನ್ನು ಹೆಸರಿಸುತ್ತಾರೆ. ಒಂದು, ಸ್ವಲ್ಪ ಕಷ್ಟಕ್ಕೇ ಕರಗಿಹೋಗುವ ಮೆತ್ತನೆಯ ಮನಸ್ಸು. ಇನ್ನೊಂದು ಹಟಮಾರಿತನ. ಮೊದಲನೆಯದನ್ನು ನಾವು ಮಕ್ಕಳಿಗೆ ಬೈದು ಬೈದು ಹೇಳುತ್ತೇವೆ. ಎರಡನೆಯದನ್ನು ಹೇಳುವುದೇ ಇಲ್ಲ. ಅದಕ್ಕೆ ಪದಕ ತೊಡಿಸುತ್ತೇವೆ. ಹೊರಗಿನಿಂದ ನೋಡಿದರೆ ತಾಳ್ಮೆಯೂ ಹಟವೂ ಅವಳಿಜವಳಿಯಂತೆ ಕಾಣುತ್ತವೆ. ಎರಡೂ ಹಲ್ಲುಕಚ್ಚಿ ಓಡುತ್ತವೆ. ಅವನ್ನು ಬೇರೆ ಮಾಡುವುದು ವಿವೇಕ. ಆದ್ದರಿಂದಲೇ ವಿವೇಕವನ್ನು ಎಲ್ಲ ಸದ್ಗುಣಗಳ ಸಾರಥಿ ಎನ್ನುತ್ತಾರೆ. ಸಾರಥಿಯಿಲ್ಲದ ಕುದುರೆ ಎಷ್ಟು ಬಲಶಾಲಿಯೋ ಅಷ್ಟು ಅಪಾಯ.

ಅಕ್ವೀನಾಸರ ಇನ್ನೊಂದು ಮಾತು ಇಲ್ಲಿ ಬಹಳ ಮುಖ್ಯ. ಇತರರಿಂದ ಕಲಿಯಲು ಒಪ್ಪುವ ಮನಸ್ಸು ವಿವೇಕದ ಒಂದು ಅಂಗ ಎನ್ನುತ್ತಾರೆ. ಬಾಳಿನಲ್ಲಿ ಎದುರಾಗುವ ಸಂದರ್ಭಗಳು ಲೆಕ್ಕವಿಲ್ಲದಷ್ಟು. ಒಬ್ಬನೇ ಕುಳಿತು ಎಲ್ಲವನ್ನೂ ತೂಗಲಾರ. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಉರುಹೊಡೆದಿದ್ದೆ. ಚಳಿಗೆ ಮಂಕಾದ ಆ ಮನುಷ್ಯನನ್ನು ಕಂಡ ಮೇಲೆ ಅದರ ಅರ್ಥ ತಿಳಿಯಿತು. ನಾನು ತಾಳುತ್ತಿದ್ದೇನೋ, ಸಾಯುತ್ತಿದ್ದೇನೋ ಎಂಬುದನ್ನು ಒಮ್ಮೊಮ್ಮೆ ನಾನೇ ಹೇಳಲಾರೆ. ನನ್ನ ಕೈ ನೋಡುವ ಇನ್ನೊಬ್ಬರು ಬೇಕು.

ಇನ್ನು, ಹೇಳಲು ಕಷ್ಟವಾದ ಮಾತು. ಜರ್ಮನಿಗೆ ಹೋಗುವ ಮುಂಚೆ ನಾನಿದ್ದ ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಆಗಾಗ ನನ್ನನ್ನು ಕಾಣಲು ಬರುತ್ತಿದ್ದರು. ಗಂಡನ ಕುಡಿತ, ಹೊಡೆತ. “ಹೇಗಿದ್ದೀರಮ್ಮಾ ಈಗ?” ಎಂದು ಕೇಳಿದಾಗಲೆಲ್ಲ, “ಪರವಾಗಿಲ್ಲ ಫಾದರ್” ಎನ್ನುತ್ತಿದ್ದರು. ನಾನು ಸಮಾಧಾನಪಟ್ಟುಕೊಂಡು, “ತಾಳ್ಮೆಯಿರಲಿ, ಇದು ನಿಮ್ಮ ಶಿಲುಬೆ” ಎಂದು ಕಳುಹಿಸುತ್ತಿದ್ದೆ. ಕಾಫಿಯ ಲೋಟ ಹಿಡಿದ ಅವರ ಕೈ ನಡುಗುತ್ತಿತ್ತು. ಅದನ್ನು ಕಂಡಿದ್ದೆ, ನೋಡಿರಲಿಲ್ಲ. ಬ್ರೆಡ್ ಅಂಗಡಿಯಲ್ಲಿ ಆ ಮಾತು ಕೇಳಿದ ಕ್ಷಣ ನನ್ನ ಕಣ್ಣಮುಂದೆ ಬಂದದ್ದು ಕೆರೆಯ ಬದಿಯ ಮುದುಕನಲ್ಲ, ಆ ಲೋಟ.

ಊರಿಗೆ ಮರಳಿದ ಮೇಲೆ ವಿಚಾರಿಸಿದೆ. ಅಷ್ಟರಲ್ಲಿ ಅವರ ಅಣ್ಣ ಬಂದು ಅವರನ್ನೂ ಮಕ್ಕಳನ್ನೂ ತವರಿಗೆ ಕರೆದೊಯ್ದಿದ್ದರು. ಹೊಲಿಗೆ ಮಾಡಿ ಬದುಕುತ್ತಿದ್ದರು. ಹೋಗಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಅಭ್ಯಾಸವಾಗಿ ಹೋಗಿತ್ತು ಫಾದರ್. ಮಕ್ಕಳು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದು ಇಲ್ಲಿಗೆ ಬಂದು ಅವರು ನಿದ್ದೆ ಮಾಡಿದ ಮೇಲೆ ಗೊತ್ತಾಯಿತು” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ನಾನು ಅವರಿಗೆ ಹೇಳಬೇಕಾಗಿದ್ದ ಮಾತನ್ನು ಧರ್ಮಸಭೆಯೇ ಹೇಳಿತ್ತು. 1983ರ ನ್ಯಾಯಸಂಹಿತೆಯ 1153ನೆಯ ನಿಯಮದ ಪ್ರಕಾರ, ಸಂಗಾತಿಯು ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕಾಗಲಿ ಆತ್ಮಕ್ಕಾಗಲಿ ಘೋರ ಅಪಾಯ ತಂದೊಡ್ಡಿದರೆ ಬೇರೆ ಇರಲು ಅದು ನ್ಯಾಯವಾದ ಕಾರಣ. ವಿವಾಹಬಂಧನ ಅಳಿಯುವುದಿಲ್ಲ, ಆದರೆ ಹೊಡೆತದ ಕೆಳಗೇ ಇರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾನೂನೂ ಇದೆ. ಶಿಲುಬೆಯನ್ನು ಪ್ರೀತಿಯಿಂದ ಹೊರುವುದು ಬೇರೆ. ಇನ್ನೊಬ್ಬರ ಪಾಪಕ್ಕೆ ದಾರಿ ಮಾಡಿಕೊಟ್ಟು ಅದನ್ನು ಶಿಲುಬೆ ಎನ್ನುವುದು ಬೇರೆ.

ಓಟದ ಹೋಲಿಕೆಯನ್ನು ಮತ್ತೆ ಮತ್ತೆ ಬಳಸಿದವರು ಸಂತ ಪೌಲರು. ಬಾಳಿನ ಕೊನೆಯಲ್ಲಿ ತಮ್ಮ ಓಟ ಮುಗಿಯಿತೆಂದು ಬರೆದವರೂ ಅವರೇ. ಆದರೆ ದಮಸ್ಕದಲ್ಲಿ ಕೊಲ್ಲಲು ಕಾದಿದ್ದವರಿಂದ ತಪ್ಪಿಸಿಕೊಳ್ಳಲು ರಾತ್ರಿಯಲ್ಲಿ ಬುಟ್ಟಿಯೊಳಗೆ ಕುಳಿತು ಗೋಡೆಯಿಂದ ಇಳಿದವರೂ ಅವರೇ. ಆ ಬುಟ್ಟಿಯನ್ನು ಹಗ್ಗ ಹಿಡಿದು ಇಳಿಸಿದ ಶಿಷ್ಯರ ಹೆಸರು ನಮಗೆ ತಿಳಿಯದು. ಸಂತ ಜೋಸೆಫರು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಬೆತ್ಲೆಹೇಮಿನಲ್ಲೇ ತಾಳಿಕೊಂಡಿರೋಣ ಎನ್ನಲಿಲ್ಲ. ಅವರನ್ನು ಹೇಡಿ ಎನ್ನುವವರುಂಟೇ?

ಆದ್ದರಿಂದ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಬಹಳ ದಿನಗಳಿಂದ ಏನನ್ನೋ ತಾಳುತ್ತಿದ್ದರೆ ಅವರನ್ನು ಹೊಗಳುವ ಮುಂಚೆ ಒಮ್ಮೆ ಹತ್ತಿರ ಹೋಗಿ. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುತ್ತಾ ಊಟ ಬಿಟ್ಟಿರುವ ಮಗನಿರಬಹುದು. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಳಿಂದ ಒಬ್ಬಳೇ ನೋಡಿಕೊಳ್ಳುತ್ತಿರುವ ಸೊಸೆಯಿರಬಹುದು. ಅವರ ತಾಳ್ಮೆ ದೊಡ್ಡದೇ. ನಿಲ್ಲಿ ಎಂದು ಎಲ್ಲರಿಗೂ ಹೇಳಬೇಕಾಗಿಲ್ಲ. ಒಂದು ವಾರ ಹೊರೆ ಹಂಚಿಕೊಂಡರೆ ಹಲವರು ಮತ್ತೆ ಓಡಬಲ್ಲರು. ಕೆಲವರನ್ನು ಮಾತ್ರ ಕೈಹಿಡಿದು ಒಳಗೆ ಕರೆತರಬೇಕಾಗುತ್ತದೆ. ಯಾರು ಯಾವ ಸ್ಥಿತಿಯಲ್ಲಿದ್ದಾರೆಂದು ದೂರದಿಂದ ಕೇಳಿದರೆ ತಿಳಿಯದು. ಕೇಳಿದರೆ ಎಲ್ಲರೂ ‘ಪರವಾಗಿಲ್ಲ’ ಎಂದೇ ಹೇಳುತ್ತಾರೆ.

ಆ ಪದಕ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಯಾರಾದರೂ ಕಷ್ಟ ಹೇಳಿಕೊಳ್ಳಲು ಬಂದು ಕುಳಿತಾಗ ಅದರ ನೆನಪಾಗುತ್ತದೆ. ಉಪದೇಶಕ್ಕೆ ಬಾಯಿ ತೆರೆಯುವ ಮೊದಲು ಅವರ ಕೈಗಳನ್ನು ನೋಡುತ್ತೇನೆ.